ಸದ್ದಿಲ್ಲದ ಗಿಟಾರು

ಮಹಾನಗರದ ಫ್ಲ್ಯಾಟುಗಳಲ್ಲಿ ಬಾಳುವವರಿಗೆ ಸದ್ದೆಂಬುದು ನಲ್ಲಿಯ ನೀರಿನಷ್ಟೇ ಲೆಕ್ಕ ಇಟ್ಟು ಬಳಸಬೇಕಾದ ವಸ್ತು. ಹಿತ್ತಲಿನಿಂದ ಜಗಲಿಗೆ ಕೂಗಿ ಮಾತನಾಡಿ ಬೆಳೆದವರು ನಾವು. ಇಲ್ಲಿಗೆ ಬಂದ ಮೇಲೆ ಮಿಕ್ಸರನ್ನು ಎಷ್ಟು ಗಂಟೆಗೆ ತಿರುಗಿಸಬಹುದು, ಕುರ್ಚಿಯನ್ನು ಎಳೆಯದೆ ಎತ್ತಿಡುವುದು ಹೇಗೆ, ಯಾವ ಗೋಡೆಗೆ ಕಿವಿ ಹೆಚ್ಚು ಎಂಬುದನ್ನೆಲ್ಲ ಒಂದೊಂದಾಗಿ ಕಲಿತೆವು. ಸರ್ಕಾರವೂ ಈ ಲೆಕ್ಕವನ್ನು ಬರೆದಿಟ್ಟಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಜನವಸತಿಯ ಬಡಾವಣೆಗಳಲ್ಲಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್. ಗಣೇಶ ಚತುರ್ಥಿಯ ದಿನಗಳಲ್ಲಿ ಈ ಅಂಕಿಗಳು ಎಲ್ಲಿ ಹೋಗಿ ಅಡಗಿಕೊಳ್ಳುತ್ತವೆ ಎಂದು ಮುಂಬಯಿಯಲ್ಲಿ ಯಾರೂ ಕೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಇಂಥ ಮನೆಗೆ ವಿದ್ಯುತ್ ಗಿಟಾರು ಬಂದರೆ ಏನಾಗುತ್ತದೆ? ನಮ್ಮ ಮನೆಗೆ ಬಂದದ್ದರಿಂದ ಅದನ್ನು ಹೇಳುವ ಅಧಿಕಾರ ನಮಗೆ ಇದೆ. ಮಗಳು ವೀಣೆ ಕಲಿಯಲಿ ಎಂಬ ಆಸೆ ನಮಗಿತ್ತು. ಅವಳ ಮನಸ್ಸು ಗಿಟಾರಿನ ಮೇಲೆ ಹೋಯಿತು. ಅದೂ ತಂತಿವಾದ್ಯವೇ ತಾನೆ ಎಂದುಕೊಂಡೆವು. ಆದರೆ ವೀಣೆಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ವೀಣೆಗೆ ಕೊಡವಿದೆ, ತಂಬೂರಿಗೆ ಬುರುಡೆಯಿದೆ. ವಿದ್ಯುತ್ ಗಿಟಾರು ಗಟ್ಟಿ ಮರದ ಹಲಗೆ; ಅದರ ತಂತಿಯನ್ನು ಹಾಗೆಯೇ ಮೀಟಿದರೆ ಪಕ್ಕದ ಕೋಣೆಗೂ ಕೇಳುವುದಿಲ್ಲ. ಅದರ ಬುರುಡೆ ಹೊರಗಿದೆ. ಆಂಪ್ಲಿಫಯರೂ, ಮರದ ಪೆಟ್ಟಿಗೆಯಲ್ಲಿ ಕುಳಿತ ಸ್ಪೀಕರೂ ಸೇರಿ ಅದರ ಬುರುಡೆ. ಎಂದಮೇಲೆ ವಾದ್ಯದ ಅರ್ಧಭಾಗ ಮಾತ್ರ ವಾದಕನ ತೊಡೆಯ ಮೇಲಿರುತ್ತದೆ. ಉಳಿದರ್ಧ ನೆಲದ ಮೇಲೆ ಕುಳಿತಿರುತ್ತದೆ.

ಈ ಉಳಿದರ್ಧ ಏಕೆ ಅಷ್ಟು ಗಟ್ಟಿಯಾಗಿ ಕೂಗಬೇಕು ಎಂಬುದು ನಮ್ಮಂಥವರ ಮೊದಲ ಪ್ರಶ್ನೆ. ಬರಿಯ ಯೌವನದ ಹುಮ್ಮಸ್ಸೆಂದು ತಳ್ಳಿಬಿಡುವಂತಿಲ್ಲ, ಅದಕ್ಕೊಂದು ಚರಿತ್ರೆಯಿದೆ. ಪಶ್ಚಿಮ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ವಾದ್ಯಗಳ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ ಎಂಬಾತ 1962ರಲ್ಲಿ, ಅಮೆರಿಕದ ಫೆಂಡರ್ ಕಂಪನಿಯ ಒಂದು ಆಂಪ್ಲಿಫಯರನ್ನು ಮಾದರಿಯಾಗಿಟ್ಟುಕೊಂಡು ತನ್ನದೇ ಒಂದನ್ನು ಮಾಡಿಸಿದ. 1965ರಲ್ಲಿ ‘ದಿ ಹೂ’ ತಂಡದ ಪೀಟ್ ಟೌನ್‌ಶೆಂಡ್ ಇನ್ನೂ ಜೋರು ಬೇಕೆಂದು ಹಟ ಹಿಡಿದಾಗ ನೂರು ವಾಟಿನದು ಹುಟ್ಟಿತು. ಅದಕ್ಕೆ ಎಂಟು ಸ್ಪೀಕರುಗಳ ಒಂದೇ ಪೆಟ್ಟಿಗೆ ಬೇಕೆಂದ. ಹೊರುವವರ ಬೆನ್ನು ಮುರಿಯುವಂತಾದಾಗ ಅದನ್ನೇ ನಾಲ್ಕು ನಾಲ್ಕರ ಎರಡು ಪೆಟ್ಟಿಗೆಗಳಾಗಿ ಸೀಳಿ ಒಂದರ ಮೇಲೊಂದು ಪೇರಿಸಿದರು. 1966ರಲ್ಲಿ ಲಂಡನ್ನಿನ ಡೆಕ್ಕಾ ಸ್ಟುಡಿಯೋದಲ್ಲಿ ಜಾನ್ ಮೇಯಾಲ್ ತಂಡದ ಧ್ವನಿಮುದ್ರಣವಾಗುವಾಗ ಎರಿಕ್ ಕ್ಲ್ಯಾಪ್ಟನ್ ಮಾರ್ಷಲ್ ಆಂಪ್ಲಿಫಯರನ್ನು ರಂಗದ ಮೇಲಿನಷ್ಟೇ ಜೋರಾಗಿ ಇಟ್ಟು ನುಡಿಸಿದ. ಸದ್ದು ತಗ್ಗಲಿಲ್ಲ, ಮೈಕನ್ನೇ ದೂರ ಸರಿಸಬೇಕಾಯಿತು. ಅಂದು ಮುದ್ರಿತವಾದ ದನಿಯನ್ನು ಇಂದಿಗೂ ಹುಡುಗರು ಅರಸುತ್ತಾರೆ.

ಕಾರಣ ಸರಳ. ಹಳೆಯ ರೇಡಿಯೋಗಳಲ್ಲಿ ಕೆಂಪಗೆ ಉರಿಯುತ್ತಿದ್ದ ವಾಲ್ವುಗಳು ಹಿರಿಯರಿಗೆ ನೆನಪಿರಬೇಕು. ಗಿಟಾರಿನ ಆಂಪ್ಲಿಫಯರುಗಳಲ್ಲಿ ಅವು ಇನ್ನೂ ಬದುಕಿವೆ. ಸದ್ದು ಕಡಿಮೆ ಇದ್ದಾಗ ವಾಲ್ವು ಕೊಟ್ಟದ್ದನ್ನು ಕೊಟ್ಟಂತೆಯೇ ಹಿಗ್ಗಿಸುತ್ತದೆ. ಗುಂಡಿಯನ್ನು ತುದಿಗೆ ತಿರುಗಿಸಿದಾಗ ತನ್ನ ಶಕ್ತಿಯ ಎಲ್ಲೆ ಮುಟ್ಟಿ, ಅಲೆಯ ನೆತ್ತಿಯನ್ನು ಮೊಟಕುಮಾಡುತ್ತದೆ. ತಂತಿಯಲ್ಲಿ ಇಲ್ಲದ ಹೊಸ ಸ್ವರಾಂಶಗಳು ಅಲ್ಲಿ ಹುಟ್ಟುತ್ತವೆ, ನಾದ ದಪ್ಪವಾಗುತ್ತದೆ, ಬೇಗ ಸಾಯುವುದಿಲ್ಲ. ಎಂದರೆ ಇಲ್ಲಿ ಜೋರು ಎಂಬುದು ನಾದದ ಅಳತೆಯಷ್ಟೇ ಅಲ್ಲ, ನಾದದ ಗುಣವೂ ಹೌದು. ಹಾಗೆಂದು ವಾಟು ಕಡಿಮೆಮಾಡಿಕೊಂಡರಾಯಿತೆ? ಗಿಟಾರಿಗಾಗಿ ಮಾಡಿದ ಹನ್ನೆರಡು ಅಂಗುಲದ ಸ್ಪೀಕರಿಗೆ ಒಂದೇ ಒಂದು ವಾಟು ಕೊಟ್ಟರೂ ಒಂದು ಮೀಟರು ದೂರದಲ್ಲಿ ನೂರರ ಹತ್ತಿರ ಡೆಸಿಬೆಲ್ ಕೇಳುತ್ತದೆ. ನೂರು ವಾಟಿನ ಬದಲು ಹತ್ತು ವಾಟು ತಂದರೆ ಸದ್ದು ಹತ್ತರಲ್ಲಿ ಒಂದಾಗುವುದಿಲ್ಲ, ಕಿವಿಗೆ ಅರ್ಧಕ್ಕಿಳಿದಂತೆ ತೋರುತ್ತದೆ, ಅಷ್ಟೆ.

ಮಗಳು ಪಾಠ ಹೇಳಿ ಕೂಡಿಟ್ಟ ಹಣದಲ್ಲಿ ಯಾರೋ ಬಳಸಿದ್ದ ಹದಿನೈದು ವಾಟಿನ ವಾಲ್ವು ಆಂಪ್ಲಿಫಯರೊಂದನ್ನು ತಂದಳು. ಎರಡು ಸಂಜೆ ನುಡಿಸಿದಳು. ಮೂರನೆಯ ಸಂಜೆ ಕೆಳಗಿನ ಮನೆಯ ಗುಜರಾತಿ ಹಿರಿಯರು ಮೇಲೆ ಬಂದರು. ಅವರ ಪತ್ನಿ ಆಗಷ್ಟೇ ಆಸ್ಪತ್ರೆಯಿಂದ ಮನೆಗೆ ಬಂದಿದ್ದರು. ಕಾಕಾ ಜಗಳಕ್ಕೆ ಬಂದವರಲ್ಲ. ಕಾಫಿ ಕುಡಿದು, ಊರಿನ ಸುದ್ದಿ ಕೇಳಿ, ಏಳುವಾಗ, “ಮಗು ಚೆನ್ನಾಗಿ ನುಡಿಸುತ್ತದೆ, ಜೊತೆಗೆ ನಮ್ಮ ಕಪಾಟಿನ ಪಾತ್ರೆಗಳೂ ನುಡಿಯುತ್ತವೆ” ಎಂದರು. ಅಷ್ಟೇ ಹೇಳಿದ್ದು. ಮಗಳು ಅಂದೇ ಆಂಪ್ಲಿಫಯರಿಗೆ ಹಳೆಯ ಸೀರೆ ಹೊದಿಸಿದಳು. ನಾವು ಹೇಳಬೇಕಾಗಲಿಲ್ಲ, ಫ್ಲ್ಯಾಟಿನಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಈ ವಿವೇಕ ತಾನಾಗಿ ಬಂದಿರುತ್ತದೆ. ಆದರೆ ಅವಳ ಮುಖ ಬಾಡಿದ್ದನ್ನು ಕಂಡೆವು.

ಆಮೇಲೆ ಮನೆಗೆ ಬಂದದ್ದು ಮಾಡೆಲರು. ಊಟದ ಡಬ್ಬಿಯಷ್ಟು ದೊಡ್ಡ ಯಂತ್ರ. ಒಂದು ಕಡೆ ಗಿಟಾರು, ಇನ್ನೊಂದು ಕಡೆ ಹೆಡ್‌ಫೋನು. ನಡುವೆ ಹತ್ತಾರು ಹೆಸರಾಂತ ಆಂಪ್ಲಿಫಯರುಗಳ ದನಿ ಲೆಕ್ಕದ ರೂಪದಲ್ಲಿ ಕುಳಿತಿರುತ್ತದೆ. ಈ ಆಸೆಯೂ ಇಂದಿನದಲ್ಲ. ಅಮೆರಿಕದಲ್ಲಿ ಟಾಮ್ ಶಾಲ್ಜ್ ಎಂಬ ಎಂಜಿನಿಯರು ಪೋಲರಾಯ್ಡ್ ಕಂಪನಿಯಲ್ಲಿ ಕೆಲಸಮಾಡುತ್ತ, ಮನೆಯ ನೆಲಮಾಳಿಗೆಯಲ್ಲಿ ಕುಳಿತು ‘ಬಾಸ್ಟನ್’ ತಂಡದ 1976ರ ಗಾನಮುದ್ರಿಕೆಯ ಬಹುಭಾಗವನ್ನು ಮುದ್ರಿಸಿದ. 1982ರಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೆಡ್‌ಫೋನಿನಲ್ಲಿ ಕೇಳುವ ‘ರಾಕ್‌ಮನ್’ ಎಂಬ ಪುಟ್ಟ ಪೆಟ್ಟಿಗೆಯನ್ನು ಮಾರಾಟಕ್ಕೆ ತಂದ. 1995ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ‘ವಿಜಿ-8’ರಲ್ಲಿ ಈ ಅನುಕರಣವನ್ನು ಗಣಕದ ಲೆಕ್ಕಕ್ಕೆ ಇಳಿಸಿತು. 1998ರಲ್ಲಿ ಲೈನ್ 6 ಕಂಪನಿಯ ‘ಪಾಡ್’ ಎಂಬ ಕೆಂಪು ಯಂತ್ರ ಬಂದ ಮೇಲೆ ಇದು ಮನೆಮನೆಯ ಮಾತಾಯಿತು.

ಸ್ಪೀಕರಿನ ದನಿಯನ್ನು ಯಂತ್ರದೊಳಗೆ ತುಂಬುವ ಬಗೆ ಸೊಗಸಾಗಿದೆ. ಹಳ್ಳಿಯ ಬಾವಿಯೊಳಗೆ ಬಗ್ಗಿ ಒಂದು ಚಪ್ಪಾಳೆ ತಟ್ಟಿದರೆ, ಮರಳಿ ಬರುವ ದನಿಯಲ್ಲಿ ಬಾವಿಯ ಆಳ, ಅಗಲ, ಕಲ್ಲುಕಟ್ಟಡ ಎಲ್ಲದರ ಗುರುತೂ ಇರುತ್ತದೆ. ಹಾಗೆಯೇ ಸ್ಪೀಕರಿಗೆ ಒಂದು ಗೊತ್ತಾದ ಸದ್ದನ್ನು ಕೊಟ್ಟು, ಎದುರಿಗಿಟ್ಟ ಮೈಕಿಗೆ ಬಂದದ್ದನ್ನು ಅಳೆದು, ಆ ಗುರುತನ್ನು ಅಂಕಿಗಳ ಸಾಲಾಗಿ ಬರೆದಿಡುತ್ತಾರೆ. ಸೆಕೆಂಡಿಗೆ 48,000 ಅಂಕಿಗಳ ಲೆಕ್ಕದಲ್ಲಿ 2,048 ಅಂಕಿಗಳು, ಎಂದರೆ ಸೆಕೆಂಡಿನ ಸಾವಿರದಲ್ಲಿ ಸುಮಾರು 43 ಭಾಗದಷ್ಟು ಕಾಲದ ಗುರುತು ಸಾಕು. ಯಾವ ನಾದವನ್ನು ಅದರ ಮೂಲಕ ಹಾಯಿಸಿದರೂ ಆ ಪೆಟ್ಟಿಗೆಯಿಂದಲೇ ಬಂದಂತೆ ಕೇಳುತ್ತದೆ. ಇದಕ್ಕೆ ಇಂಪಲ್ಸ್ ರೆಸ್ಪಾನ್ಸ್ ಎಂದು ಹೆಸರು.

ಕೆಲವು ತಿಂಗಳು ಕಳೆದವು. ಒಂದು ದಿನ ಮಗಳು ಹೆಡ್‌ಫೋನು ತೆಗೆದಿಟ್ಟು, “ದನಿಯೇನೋ ಅದೇ ಅಪ್ಪಾ. ಆದ್ರೆ ಕೈಗೆ ಉತ್ತರ ಬರಲ್ಲ” ಎಂದಳು. ಗಟ್ಟಿಯಾಗಿ ಮೀಟಿದಾಗಲೂ ಮೆಲ್ಲಗೆ ಮೀಟಿದಾಗಲೂ ತಳದ ತಂತಿ ಒಂದೇ ಬಗೆಯಲ್ಲಿ ಓಗೊಡುತ್ತದೆ, ಹಿಂದಕ್ಕೆ ತಳ್ಳುವುದಿಲ್ಲ ಎಂದು ಅವಳ ದೂರು. ದನಿ ತಡವಾಗಿ ಬರುತ್ತದೆಯೋ ಎಂದು ನೋಡಿದೆವು, ಅದಲ್ಲ. ಯಂತ್ರ ತೆಗೆದುಕೊಳ್ಳುವುದು ಸಾವಿರದಲ್ಲಿ ಮೂರು ನಾಲ್ಕು ಭಾಗದಷ್ಟು ಸೆಕೆಂಡು. ಒಂದು ಮೀಟರು ದೂರದ ಸ್ಪೀಕರಿನಿಂದ ಗಾಳಿಯಲ್ಲಿ ನಡೆದು ಬರಲೂ ದನಿಗೆ ಅಷ್ಟು ಹೊತ್ತು ಹಿಡಿಯುತ್ತದೆ. ನಮ್ಮಲ್ಲೊಬ್ಬರು ಕಾರ್ಖಾನೆಯ ಮೋಟಾರುಗಳ ನಡುವೆ ಮೂವತ್ತು ವರ್ಷ ಕಳೆದವರಾದ್ದರಿಂದ, ಮಗಳ ಈ ಒಂದು ಮಾತಿನ ಬೆನ್ನುಹತ್ತಿ ಹೋಗುವುದು ನಮಗೆ ಸಾಧ್ಯವಾಯಿತು.

ಸ್ಪೀಕರೆಂದರೆ ಒಂದು ಬಗೆಯ ಮೋಟಾರೇ. ಅಯಸ್ಕಾಂತದ ನಡುವೆ ತಂತಿಯ ಸುರುಳಿ. ವಿದ್ಯುತ್ತು ಹರಿದಾಗ ಸುರುಳಿ ಅಲುಗುತ್ತದೆ, ಅದಕ್ಕಂಟಿದ ಕಾಗದದ ಶಂಕು ಗಾಳಿಯನ್ನು ತಳ್ಳುತ್ತದೆ. ಆದರೆ ಅಯಸ್ಕಾಂತದ ನಡುವೆ ಅಲುಗುವ ಸುರುಳಿ ತಾನೂ ವಿದ್ಯುತ್ತನ್ನು ಹುಟ್ಟಿಸುತ್ತದೆ, ಅದೂ ಬಂದದ್ದಕ್ಕೆ ಎದುರಾಗಿ. ಪ್ರತಿ ಸ್ಪೀಕರಿಗೂ ತಾನು ಸಲೀಸಾಗಿ ತೂಗುವ ಒಂದು ಸಹಜ ಶ್ರುತಿಯಿದೆ. ಗಿಟಾರಿನ ಹಲವು ಸ್ಪೀಕರುಗಳಿಗೆ ಅದು ಬಯಲಿನಲ್ಲಿ ಸೆಕೆಂಡಿಗೆ 75 ಕಂಪನಗಳ ಸುಮಾರು. ಮುಚ್ಚಿದ ಪೆಟ್ಟಿಗೆಯೊಳಗೆ ಕೂರಿಸಿದರೆ ನೂರನ್ನು ದಾಟುತ್ತದೆ. ಆ ಶ್ರುತಿಯಲ್ಲಿ ಸುರುಳಿ ಹೆಚ್ಚು ಓಲಾಡುತ್ತದೆ, ಎದುರು ವಿದ್ಯುತ್ತೂ ಹೆಚ್ಚುತ್ತದೆ. ಹೆಸರಿಗೆ 8 ಓಮಿನ ಸ್ಪೀಕರಿನ ತಡೆ ಅದರ ಹಲವು ಪಟ್ಟಿಗೆ ಏರುತ್ತದೆ. ಸೆಕೆಂಡಿಗೆ ನಾನೂರು ಕಂಪನಗಳ ಆಸುಪಾಸಿನಲ್ಲಿ ಮತ್ತೆ 8ರ ಹತ್ತಿರಕ್ಕೆ ಇಳಿದು, ತಾರದ ಕಡೆಗೆ ಹೋದಂತೆ ಪುನಃ ಏರುತ್ತದೆ. ಗಿಟಾರಿನ ತಳದ ಎರಡು ತಂತಿಗಳ ಕಂಪನ 82 ಮತ್ತು 110. ಮೊದಲ ಏರು ಬರುವುದು ಸರಿಯಾಗಿ ಆ ತಂತಿಗಳ ನೆರೆಯಲ್ಲಿ ಎಂಬುದನ್ನು ಗಮನಿಸಬೇಕು.

ಇನ್ನು ಎತ್ತು ಮತ್ತು ಗಾಡಿಯ ಮಾತು. ಟ್ರಾನ್ಸಿಸ್ಟರಿನ ಆಂಪ್ಲಿಫಯರು ಸಾಮಾನ್ಯವಾಗಿ ಲಾರಿಯ ಎಂಜಿನ್ನಿನಂತೆ. ಹಿಂದೆ ಕಟ್ಟಿದ ಗಾಡಿ ಹಗುರವೋ ಭಾರವೋ ಲೆಕ್ಕಿಸದೆ ಒಂದೇ ಗತಿಯಲ್ಲಿ ಎಳೆಯುತ್ತದೆ. ವಾಲ್ವಿನ ಆಂಪ್ಲಿಫಯರು ಎತ್ತು. ಗಾಡಿಯ ಭಾರ ಅದರ ಹೆಗಲಿಗೆ ತಿಳಿಯುತ್ತದೆ. ಏರಿನಲ್ಲಿ ಒಂದು ನಡೆ, ಇಳಿಜಾರಿನಲ್ಲಿ ಇನ್ನೊಂದು. ಸ್ಪೀಕರಿನ ತಡೆ ಏರಿದಲ್ಲೆಲ್ಲ ಅದರ ವೋಲ್ಟೇಜೂ ಏರುತ್ತದೆ. ಹಾಗಾಗಿ ಮಂದ್ರವೂ ತಾರವೂ ಉಬ್ಬಿ ಬರುತ್ತವೆ. ಫೆಂಡರ್, ಮಾರ್ಷಲ್ಲುಗಳ ಅನೇಕ ಆಂಪ್ಲಿಫಯರುಗಳಲ್ಲಿ ಹೊರಬಂದ ದನಿಯ ಒಂದು ಪಾಲನ್ನು ಒಳಕ್ಕೆ ತಿರುಗಿಸಿ ಈ ನಡೆಗೆ ಮೂಗುದಾರ ಹಾಕಿದ್ದಾರೆ. ವಾಕ್ಸ್ ಕಂಪನಿಯ ‘ಎಸಿ30’ರಲ್ಲಿ ಆ ಮೂಗುದಾರವೇ ಇಲ್ಲ. ಜೋರು ಹೆಚ್ಚಿದಷ್ಟೂ ಗಾಡಿಯೂ ಬದಲಾಗುತ್ತದೆ. ಸುರುಳಿ ಕಾಯುತ್ತದೆ, ಕಾದ ತಾಮ್ರದ ತಡೆ ಹೆಚ್ಚುತ್ತದೆ, ನೂರು ಡಿಗ್ರಿ ಕಾದರೆ ಸುಮಾರು ನೂರಕ್ಕೆ 39ರಷ್ಟು. ಶಂಕು ಒಂದೇ ತುಂಡಾಗಿ ಅಲುಗದೆ ಅಲ್ಲಲ್ಲಿ ಬೇರೆ ಬೇರೆಯಾಗಿ ನಡುಗುತ್ತದೆ.

ಮಗಳ ಯಂತ್ರ ಎತ್ತಿನ ಚಿತ್ರವನ್ನೂ ಗಾಡಿಯ ಚಿತ್ರವನ್ನೂ ಬೇರೆ ಬೇರೆಯಾಗಿ ಬಿಡಿಸಿ ಅಕ್ಕಪಕ್ಕ ಅಂಟಿಸಿತ್ತು. ಎರಡು ಚಿತ್ರಗಳೂ ಸೊಗಸು, ನೊಗ ಮಾತ್ರ ಇಲ್ಲ. ಬಾವಿಯ ಚಪ್ಪಾಳೆಯಲ್ಲಿ ಬಾವಿಯ ಗುರುತು ಇರುತ್ತದೆಯೇ ಹೊರತು, ಬಾವಿಯಿಂದ ನೀರು ಸೇದುವವನ ತೋಳಿಗೆ ತಗಲುವ ಭಾರ ಇರುವುದಿಲ್ಲ. ಈಚಿನ ಮಾಡೆಲರುಗಳಲ್ಲಿ ಈ ನೊಗವನ್ನೂ ಲೆಕ್ಕಕ್ಕೆ ತಂದಿದ್ದಾರೆ. ವಾಲ್ವು, ಅದರ ಟ್ರಾನ್ಸ್‌ಫಾರ್ಮರು, ಸ್ಪೀಕರಿನ ತಡೆಯ ಏರಿಳಿತ ಇವು ಮೂರನ್ನೂ ಒಟ್ಟಿಗೆ, ಒಂದು ಇನ್ನೊಂದನ್ನು ತಳ್ಳುವಂತೆಯೇ ಲೆಕ್ಕಹಾಕುತ್ತಾರೆ. ಕೆಲವು ಯಂತ್ರಗಳಲ್ಲಿ ಯಾವ ಪೆಟ್ಟಿಗೆಯ ತಡೆ ಬೇಕೆಂದು ವಾದಕನೇ ಆರಿಸಿಕೊಳ್ಳಬಹುದು. ಅದರ ಶ್ರುತಿಯನ್ನು ಸ್ವಲ್ಪ ಮೇಲಕ್ಕೆ, ಸ್ವಲ್ಪ ಕೆಳಕ್ಕೆ ಸರಿಸಲೂಬಹುದು. ಮಗಳು ಎರಡು ವರ್ಷದ ಬಳಿಕ ಅಂಥದೊಂದಕ್ಕೆ ಬದಲಾಯಿಸಿಕೊಂಡಳು. ಮೊದಲ ರಾತ್ರಿ ಹನ್ನೊಂದರವರೆಗೆ ಕುಳಿತು, ಅದೇ ಆಂಪ್ಲಿಫಯರಿನ ದನಿಗೆ ಬೇರೆ ಬೇರೆ ಪೆಟ್ಟಿಗೆಯ ತಡೆ ಕಟ್ಟಿ ನೋಡಿದಳು. “ಈಗ ತಳದ ತಂತಿ ಎದೆಗೆ ಗುದ್ದುತ್ತೆ” ಎಂದಳು. ನಮಗೂ ಹೆಡ್‌ಫೋನು ತೊಡಿಸಿದಳು. ಗುದ್ದಿದ್ದು ನಿಜ.

ಇಷ್ಟಾದ ಮೇಲೂ ಉಳಿಯುವುದು ಎರಡು. ಒಂದು, ನಮ್ಮ ಕಿವಿ. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ತೋರಿಸಿಕೊಟ್ಟಂತೆ, ಸದ್ದು ತಗ್ಗಿದಾಗ ಕಿವಿಗೆ ಮಂದ್ರ ಹೆಚ್ಚಾಗಿ ತಗ್ಗುತ್ತದೆ. ಆದ್ದರಿಂದ ಅದೇ ದನಿಯನ್ನು ಒಂದು ಅಣುವೂ ಬದಲಿಸದೆ ಮೆಲ್ಲಗೆ ಕೇಳಿಸಿದರೂ ಅದು ಬೇರೆಯೇ ಆಗಿ ಕೇಳುತ್ತದೆ. ಎರಡನೆಯದು ಗಾಳಿ. ಸ್ಪೀಕರು ಜೋರಾಗಿ ನುಡಿಯುವಾಗ ಆ ಗಾಳಿ ಹಿಂದಿರುಗಿ ಗಿಟಾರಿನ ತಂತಿಯನ್ನೇ ಅಲುಗಿಸುತ್ತದೆ. ತಂತಿ ಆಂಪ್ಲಿಫಯರನ್ನು, ಅದು ಸ್ಪೀಕರನ್ನು, ಸ್ಪೀಕರು ಮತ್ತೆ ತಂತಿಯನ್ನು. ಬೀಟಲ್ಸ್ ತಂಡ 1964ರಲ್ಲಿ ‘ಐ ಫೀಲ್ ಫೈನ್’ ಹಾಡನ್ನು ಈ ಸುತ್ತು ನಾದದಿಂದಲೇ ಆರಂಭಿಸಿತು. ಜಿಮಿ ಹೆಂಡ್ರಿಕ್ಸ್ ಅದನ್ನೊಂದು ವಿದ್ಯೆಯನ್ನಾಗಿ ಮಾಡಿದ. ಹೆಡ್‌ಫೋನಿನಲ್ಲಿ ಈ ಸುತ್ತು ತುಂಡಾಗುತ್ತದೆ. ತಂತಿಗೆ ತನ್ನ ದನಿಯೇ ಕೇಳಿಸುವುದಿಲ್ಲ.

ಅದನ್ನು ಕಾಣಲೆಂದೇ ಅಂಧೇರಿಯ ಕಡೆ ಗಂಟೆಗಿಷ್ಟು ಬಾಡಿಗೆಗೆ ಸಿಗುವ ಅಭ್ಯಾಸದ ಕೋಣೆಯೊಂದಕ್ಕೆ ಒಂದು ಭಾನುವಾರ ಅವಳೊಡನೆ ಹೋದೆವು. ನೂರು ಡೆಸಿಬೆಲ್ ಸದ್ದಿನಲ್ಲಿ ಕಿವಿಗೆ ಕೇಡಿಲ್ಲದೆ ಇರಬಹುದಾದ ಹೊತ್ತು ದಿನಕ್ಕೆ ಹದಿನೈದು ನಿಮಿಷವೆಂದು ಬಲ್ಲವರು ಹೇಳುವುದರಿಂದ ಮೂವರೂ ಕಿವಿಗೆ ಬಿರಡೆ ಇಟ್ಟುಕೊಂಡಿದ್ದೆವು. ಮಗಳು ಒಂದು ಸ್ವರ ಮೀಟಿ ಹಾಗೆಯೇ ಹಿಡಿದಳು. ಸ್ವರ ಕುಗ್ಗುತ್ತ ಬಂದು, ಇನ್ನೇನು ಆರಿತು ಎನ್ನುವಾಗ ಅವಳು ಸ್ಪೀಕರಿನತ್ತ ಅರ್ಧ ಹೆಜ್ಜೆ ತಿರುಗಿದಳು. ಸ್ವರ ಚೇತರಿಸಿಕೊಂಡಿತು, ನಿಧಾನವಾಗಿ ಅದರ ಮೇಲಿನ ಸ್ಥಾಯಿಗೆ ಏರಿ ನಿಂತಿತು. ಅವಳ ಬೆರಳು ಕದಲಿರಲಿಲ್ಲ. ನಮ್ಮ ಕಾಲ ಕೆಳಗಿನ ಹಲಗೆ ನಡುಗುತ್ತಿತ್ತು, ಅವಳು ನಗುತ್ತಿದ್ದಳು.

ಹಾಗಾದರೆ ಮನೆಯ ಯಂತ್ರ ಬರಿಯ ನಕಲಿಯೇ? ಅಲ್ಲ. ನಮ್ಮ ಮನೆಯ ದೇವರ ಕೋಣೆಯಲ್ಲಿಯೇ ಅದಕ್ಕೊಬ್ಬ ಹಿರಿಯ ಅಣ್ಣನಿದ್ದಾನೆ. ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ ಅವರು ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿ ಇಲ್ಲದಿದ್ದರೆ, ಊರು ಬಿಟ್ಟು ಬಂದ ಎಷ್ಟೋ ಹೆಣ್ಣುಮಕ್ಕಳ ಸಂಗೀತ ರೈಲು ಹತ್ತಿದ ದಿನವೇ ನಿಂತುಹೋಗುತ್ತಿತ್ತು. ನಮ್ಮಲ್ಲೊಬ್ಬರು ಅದರ ಶ್ರುತಿಗೇ ಇಪ್ಪತ್ತು ವರ್ಷ ಹಾಡಿಕೊಂಡಿದ್ದಾರೆ. ನಿಜವಾದ ತಂಬೂರಿಯಲ್ಲಿ ಜೀವಾಳಿಯ ದಾರ, ನಾಲ್ಕು ತಂತಿ, ಬುರುಡೆ ಇವು ಒಂದನ್ನೊಂದು ಎಬ್ಬಿಸುವ ಸುಖ ಬೇರೆ ಎಂಬುದನ್ನೂ ಬಲ್ಲರು. ಬಲ್ಲರೆಂದು ಪೆಟ್ಟಿಗೆಯನ್ನು ಮೂಲೆಗೆ ಎಸೆಯಲಿಲ್ಲ.

ಆದರೆ ಯಾವ ಯಂತ್ರದ ಲೆಕ್ಕಕ್ಕೂ ಸೇರದ ಒಂದು ಸಂಗತಿಯನ್ನು ನೆನಪಿಸಿದವರು ಕಾಕಾ. ಲಿಫ್ಟಿನಲ್ಲಿ ಸಿಕ್ಕಾಗ, “ಮಗು ಗಿಟಾರು ಬಿಟ್ಟುಬಿಟ್ಟಿತೇ?” ಎಂದು ಕೇಳಿದರು. ಬಿಟ್ಟಿಲ್ಲ, ದಿನಕ್ಕೆ ಎರಡು ಗಂಟೆ ನುಡಿಸುತ್ತಾಳೆ ಎಂದೆವು. ಅವರಿಗೆ ಆಶ್ಚರ್ಯ. ಯೋಚಿಸಿದರೆ ನಮಗೂ ಅವಳ ಕೋಣೆಯಿಂದ ಕೇಳುತ್ತಿದ್ದುದು ತಂತಿಯ ಮೇಲೆ ಮೀಟುಕಡ್ಡಿಯ ಟಿಕ್ ಟಿಕ್ ಸದ್ದೊಂದೇ. ಸದ್ದು ಹೋದ ಜೊತೆಗೆ ಕೇಳುವವರೂ ಹೋಗಿದ್ದರು. ರಾಜ್ಯೋತ್ಸವದ ನಾಟಕಕ್ಕೆ ಫ್ಲ್ಯಾಟುಗಳಲ್ಲಿ ಪಿಸುದನಿಯಲ್ಲಿ ತಾಲೀಮು ಮಾಡಿದ ಸಂಘದ ಗೆಳೆಯರಿಗೆ ಇದು ತಿಳಿದ ವಿಷಯ: ಮಾತು ಬಾಯಿಪಾಠವಾಗಿರುತ್ತದೆ, ಆದರೆ ಎದುರಿಗೆ ಕುಳಿತವರು ನಕ್ಕ ಮೇಲೆಯೇ ನಟನ ದನಿ ಎದ್ದುನಿಲ್ಲುವುದು. ಆಂಪ್ಲಿಫಯರಿಗೆ ಸ್ಪೀಕರು ಹೇಗೋ ವಾದಕನಿಗೆ ಕೇಳುಗ ಹಾಗೆ. ಎದುರು ಭಾರವಿಲ್ಲದೆ ಎತ್ತಿನ ನಡೆ ತಿಳಿಯುವುದಿಲ್ಲ.

ಈಗ ನಮ್ಮ ಮನೆಯಲ್ಲಿ ಒಂದು ಏರ್ಪಾಡಿದೆ. ಅಭ್ಯಾಸವೆಲ್ಲ ಹೆಡ್‌ಫೋನಿನಲ್ಲಿ. ತಿಂಗಳಿಗೊಂದು ಭಾನುವಾರ ಅವಳೂ ಇಬ್ಬರು ಗೆಳತಿಯರೂ ಬಾಡಿಗೆ ಹಂಚಿಕೊಂಡು ಆ ಕೋಣೆಗೆ ಹೋಗುತ್ತಾರೆ. ದಿನವೂ ಸಂಜೆ ಏಳರಿಂದ ಏಳೂವರೆಯವರೆಗೆ ಮಾತ್ರ ಯಂತ್ರದ ದನಿಯನ್ನು ಒಂದು ಸಣ್ಣ ಸ್ಪೀಕರಿಗೆ ಕೊಟ್ಟು, ಮಾತನಾಡುವಷ್ಟೇ ಸದ್ದಿನಲ್ಲಿ, ನಡುಮನೆಯಲ್ಲಿ ನುಡಿಸುತ್ತಾಳೆ. ಆಗ ಟಿ.ವಿ. ಹಾಕುವುದಿಲ್ಲ, ಫೋನು ತೆಗೆಯುವುದಿಲ್ಲ. ಅವಳು ನುಡಿಸುವುದರಲ್ಲಿ ಅರ್ಧ ನಮಗೆ ಅರ್ಥವಾಗುವುದಿಲ್ಲ. ಅರ್ಥವಾಗದ ಕಡೆ ಹಾಗೆಂದು ಹೇಳುತ್ತೇವೆ, ಅವಳು ಮತ್ತೊಮ್ಮೆ ನುಡಿಸಿ ತೋರಿಸುತ್ತಾಳೆ. ಮನೆಯಲ್ಲಿ ಹೆಡ್‌ಫೋನು ತೊಟ್ಟ ಮಕ್ಕಳಿರುವ ಓದುಗರಿಗೆ ನಮ್ಮ ಸಲಹೆ ಇಷ್ಟೆ: ಕೋಣೆ ನಿಶ್ಶಬ್ದವಾಗಿದೆಯೆಂದು ಸುಮ್ಮನಾಗಬೇಡಿ, ದಿನಕ್ಕೆ ಅರ್ಧ ಗಂಟೆ ಆ ತಂತಿಯನ್ನು ಕಿತ್ತು ಹೊರಗೆ ಕೇಳಿಸು ಎನ್ನಿ, ಎದುರಿಗೆ ಹೋಗಿ ಕುಳಿತುಕೊಳ್ಳಿ.